ಹಬಲ್ ದೂರದರ್ಶಕ ಇನ್ನಷ್ಟು ವರ್ಷ ನಡೆಯಲಿ: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗಳಲ್ಲಿ, ಆಕಾಶ ನೋಡುವ ರಾತ್ರಿಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇವೆ. ಸುಲಭದವು ಮೊದಲು, ಕೈಕೆಲಸ ಬೇಡುವವು ಕೊನೆಗೆ. ಬೇಕಾದ ಪ್ರಶ್ನೆಯಿಂದಲೇ ಓದು ಶುರು ಮಾಡಬಹುದು.

## ಮೊದಲ ಪ್ರಶ್ನೆಗಳು

ಹಬಲ್ ಇನ್ನೂ ನಡೀಲಾಕತ್ತದೇನ್ರಿ? ಬಂದ್ ಆಗ್ಯದ ಅಂತ ಕೇಳಿದ್ವಿ.

ನಡೆಯುತ್ತಿದೆ. 1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯಲ್ಲಿ ಅಂತರಿಕ್ಷಕ್ಕೆ ಹೊರಟು, ಭೂಮಿಯನ್ನು ಸುತ್ತುತ್ತಿರುವ ದೂರದರ್ಶಕ ಇದು. ಇದರ ವೀಕ್ಷಣೆಗಳ ಸಂಖ್ಯೆ 16 ಲಕ್ಷ ದಾಟಿದೆ, ಅವುಗಳ ಮೇಲೆ ಬಂದ ಸಂಶೋಧನಾ ಪ್ರಬಂಧಗಳು 22,000 ದಾಟಿವೆ. ಬೇರೊಂದು ನಕ್ಷತ್ರದ ಕಡೆಯಿಂದ ನಮ್ಮ ಸೌರಮಂಡಲಕ್ಕೆ ಬಂದ 3ಐ/ಅಟ್ಲಾಸ್ ಧೂಮಕೇತುವಿನ ಸ್ಪಷ್ಟ ಚಿತ್ರವನ್ನು 2025ರ ಜುಲೈ 21ರಂದು ತೆಗೆದದ್ದೂ ಹಬಲ್ಲೇ.

"ಬಂದ್ ಆಗಿದೆ" ಎಂಬ ಸುದ್ದಿ ಹುಟ್ಟುವುದು ಅದು ಸುರಕ್ಷಿತ ಸ್ಥಿತಿಗೆ ಹೋದಾಗ. ಯಾವುದಾದರೂ ಅಳತೆ ಮಿತಿ ಮೀರಿದರೆ ದೂರದರ್ಶಕ ತಾನಾಗಿಯೇ ವೀಕ್ಷಣೆ ನಿಲ್ಲಿಸಿ, ಸೌರಫಲಕಗಳನ್ನು ಸೂರ್ಯನ ಕಡೆ ತಿರುಗಿಸಿಕೊಂಡು, ಕೆಳಗಿನಿಂದ ಆದೇಶ ಬರುವವರೆಗೆ ಕಾಯುತ್ತದೆ. ಅದನ್ನು ಹಾಗೆಯೇ ಕಟ್ಟಿದ್ದಾರೆ. ಇದನ್ನು ಕಂಡು ಗಾಬರಿ ಬೀಳಬೇಕಿಲ್ಲ.

ಜೇಮ್ಸ್ ವೆಬ್ ಬಂದ ಮ್ಯಾಲ ಈ ಹಳೇ ದುರ್ಬೀನು ಯಾಕ ಬೇಕ್ರಿ?

ವೆಬ್ ಕೂಡ ಅಂತರಿಕ್ಷ ದೂರದರ್ಶಕವೇ, ಆದರೆ ಎರಡೂ ನೋಡುವ ಬೆಳಕು ಬೇರೆ. ವೆಬ್‌ನ ಕನ್ನಡಿ 6.5 ಮೀಟರ್, ಹಬಲ್‌ನದು 2.4 ಮೀಟರ್, ಆದರೆ ವೆಬ್ ನೋಡುವುದು ಮುಖ್ಯವಾಗಿ ಅವಕೆಂಪು ಬೆಳಕನ್ನು. ಹಬಲ್‌ಗೆ ಕಾಣುವ ನೇರಳಾತೀತ ಬೆಳಕು ಅದಕ್ಕೆ ಕಾಣುವುದೇ ಇಲ್ಲ. ಭೂಮಿಯ ಮೇಲೆ ಎಷ್ಟೇ ದೊಡ್ಡ ದೂರದರ್ಶಕ ಕಟ್ಟಿದರೂ ವಾತಾವರಣವು ಆ ಬೆಳಕನ್ನು ಮೇಲೆಯೇ ತಡೆದುಬಿಡುತ್ತದೆ. ಬಿಸಿ ಎಳೆಯ ನಕ್ಷತ್ರಗಳು, ಬಿಳಿ ಕುಬ್ಜಗಳು (ಉರಿದು ಮುಗಿದ ನಕ್ಷತ್ರಗಳ ತಿರುಳು), ಗೆಲಾಕ್ಸಿಗಳ ನಡುವಿನ ತೆಳು ಅನಿಲ, ಗುರುಗ್ರಹದ ಧ್ರುವಪ್ರಭೆ, ಇವುಗಳ ನೇರಳಾತೀತ ರೋಹಿತವನ್ನು, ಅಂದರೆ ಎಳೆ ಎಳೆಯಾಗಿ ಬೇರೆಯಾದ ಬೆಳಕಿನ ಪಟ್ಟಿಯನ್ನು, ಇಷ್ಟು ಸೂಕ್ಷ್ಮವಾಗಿ ಬಿಡಿಸುವ ಇನ್ನೊಂದು ಉಪಕರಣ ಇವತ್ತು ಆಕಾಶದಲ್ಲಿಲ್ಲ. ಅಷ್ಟೇ ದೊಡ್ಡ ಬದಲಿ ದೂರದರ್ಶಕದ ಯೋಜನೆ 2040ರ ದಶಕದ ಮಾತು. ಹಬಲ್ ಅಷ್ಟರೊಳಗೆ ನಿಂತರೆ ಆ ಕಿಟಕಿ ಹತ್ತಾರು ವರ್ಷ ಮುಚ್ಚಿಹೋಗುತ್ತದೆ. ಅದನ್ನು ಉಳಿಸಿಕೊಳ್ಳಬೇಕು ಎನ್ನಲು ನಮಗೆ ಈ ಒಂದು ಕಾರಣ ಸಾಕು.

ನಮ್ಮೂರಿಂದ ಬರಿಗಣ್ಣಿಗೆ ಕಾಣ್ತದೇನು?

ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಹಬಲ್‌ನ ಕಕ್ಷೆ ಸಮಭಾಜಕಕ್ಕೆ 28.5 ಡಿಗ್ರಿ ವಾಲಿದೆ. ಹಾಗಾಗಿ ಅದು 28.5 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರಕ್ಕೆ ಹೋಗುವುದೇ ಇಲ್ಲ. ಲಂಡನ್ನಿನವರಿಗೆ ಕಾಣದ ಹಬಲ್ ನಮ್ಮ ನೆತ್ತಿಯ ಮೇಲೇ ಹಾಯುತ್ತದೆ.

ಉಪಗ್ರಹಗಳ ವೇಳೆ ತೋರಿಸುವ ಯಾವುದೇ ಆ್ಯಪ್‌ನಲ್ಲಿ 20580 ಎಂಬ ಕ್ರಮಸಂಖ್ಯೆ ಹುಡುಕಿ, ಊರಿನ ಸ್ಥಾನ ಕೊಡಿ. ಕಲಬುರಗಿಗೆ 17.33 ಉತ್ತರ, 76.83 ಪೂರ್ವ, ಬೀದರಿಗೆ 17.91, 77.53, ಯಾದಗಿರಿಗೆ 16.77, 77.14. ಅತಿ ಪ್ರಕಾಶದಲ್ಲಿರುವಾಗ ಸುಮಾರು ಧ್ರುವ ನಕ್ಷತ್ರದಷ್ಟು ಬೆಳಗುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ, ಮಿನುಗದೆ, ಕೆಲವು ನಿಮಿಷ ಸಾಗಿ, ಎಷ್ಟೋ ಸಲ ನಡು ಆಕಾಶದಲ್ಲೇ ಮಾಯವಾಗುತ್ತದೆ. ಭೂಮಿಯ ನೆರಳು ಹೊಕ್ಕಿತು ಎಂದರ್ಥ. ಕೆಲವು ವಾರ ಸಂಜೆ, ಕೆಲವು ವಾರ ಬೆಳಗಿನ ಜಾವ ಕಾಣುತ್ತದೆ. ನಡುವೆ ಕಾಣದ ದಿನಗಳೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾಟ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

## ಯಂತ್ರದ ಆರೋಗ್ಯ

ಗೈರೊ ಕೆಟ್ಟದ, ಗೈರೊ ಕೆಟ್ಟದ ಅಂತಾರ. ಏನದು, ಪದೇ ಪದೇ ಯಾಕ ಕೆಡ್ತದ?

ದೂರದರ್ಶಕ ಯಾವ ಕಡೆಗೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಅಳೆಯುವ ಸಾಧನ ಗೈರೊ. ತಿರುಗಿಸುವ ಕೆಲಸ ಅದರದಲ್ಲ, ಅದಕ್ಕೆ ಬೇರೆ ನಾಲ್ಕು ಭಾರದ ಚಕ್ರಗಳಿವೆ. ಗೈರೊ ಒಳಗೆ ಒಂದು ಚಕ್ರ ನಿಮಿಷಕ್ಕೆ 19,200 ಸುತ್ತು ತಿರುಗುತ್ತಿರುತ್ತದೆ. ಆ ಚಕ್ರವನ್ನು ಹೊತ್ತ ಮುಚ್ಚಿದ ಸಿಲಿಂಡರು ಮೋಟಾರು ಎಣ್ಣೆಯಷ್ಟು ಮಂದವಾದ ದ್ರವದಲ್ಲಿ ತೇಲುತ್ತದೆ. ಅದಕ್ಕೆ ವಿದ್ಯುತ್ ಒಯ್ಯುವ ತಂತಿಗಳು ಕೂದಲೆಳೆಯಷ್ಟು ಸಣ್ಣವು, ಅವೂ ಅದೇ ದ್ರವದಲ್ಲಿ ಮುಳುಗಿರುತ್ತವೆ. ಸೋಲುವುದು ಈ ತಂತಿಗಳೇ. ಮೊದಲಿನ ಗೈರೊಗಳಲ್ಲಿ ದ್ರವ ತುಂಬುವಾಗ ಒತ್ತಡಕ್ಕೆ ಸಾಮಾನ್ಯ ಗಾಳಿ ಬಳಸಿದ್ದರು. ಅದರ ಆಮ್ಲಜನಕದಿಂದ ತಂತಿ ಸವೆದು ಕಡಿಯುತ್ತಿತ್ತು. ಆಮೇಲೆ ಸಾರಜನಕ ಬಳಸಿದರು, ತಂತಿಗಳಿಗೆ ಲೇಪವನ್ನೂ ಕೊಟ್ಟರು.

2009ರಲ್ಲಿ ಆರು ಹೊಸ ಗೈರೊ ಹಾಕಿದರು. ಅವುಗಳಲ್ಲಿ ಮೂರು ಹಳೆಯ ಬಗೆಯ ತಂತಿಯವು, ಮೂರು ಲೇಪದ ತಂತಿಯವು. ಹಳೆಯ ಬಗೆಯ ಮೂರೂ 2018ರ ಅಕ್ಟೋಬರ್ ಹೊತ್ತಿಗೆ ಕೆಟ್ಟವು. ಉಳಿದ ಮೂರರಲ್ಲಿ ಒಂದು 2023ರ ಕೊನೆಯಿಂದ ತಪ್ಪು ಅಂಕಿ ಕೊಡತೊಡಗಿತು: ದೂರದರ್ಶಕ ಎಷ್ಟೇ ನಿಧಾನವಾಗಿ ತಿರುಗಿದರೂ ಅದು ಗರಿಷ್ಠ ವೇಗವನ್ನೇ ತೋರಿಸುತ್ತಿತ್ತು. 2024ರ ಮೇನಲ್ಲಿ ಅದನ್ನು ಕೈಬಿಟ್ಟರು. ಈಗ ಎರಡು ಉಳಿದಿವೆ. ಒಂದು ಕೆಲಸದಲ್ಲಿದೆ, ಇನ್ನೊಂದನ್ನು ಕಾಯ್ದಿಟ್ಟಿದ್ದಾರೆ.

ಒಂದೇ ಗೈರೊ ಮ್ಯಾಲ ಹ್ಯಾಂಗ ನಡಸ್ತಾರ?

ಉಳಿದ ದಿಕ್ಕುಗಳ ಮಾಹಿತಿಯನ್ನು ಭೂಮಿಯ ಕಾಂತಕ್ಷೇತ್ರ ಅಳೆಯುವ ಕಾಂತಮಾಪಕ, ಸೂರ್ಯ ಸಂವೇದಕ, ನಕ್ಷತ್ರ ಗುರುತಿಸುವ ಕ್ಯಾಮೆರಾ ಮತ್ತು ಸೂಕ್ಷ್ಮ ಮಾರ್ಗದರ್ಶಿ ಸಂವೇದಕಗಳಿಂದ ಪಡೆಯುತ್ತಾರೆ. ಗುರಿ ಹಿಡಿದ ಮೇಲೆ ಚಿತ್ರದ ಗುಣ ಕಡಿಮೆಯಾಗುವುದಿಲ್ಲ. ಗುರಿ ಹಿಡಿಯಲು ಮಾತ್ರ ಹೆಚ್ಚು ಹೊತ್ತು ಬೇಕು. ವಾರಕ್ಕೆ 85 ಕಕ್ಷೆಗಳಷ್ಟು (ಒಂದು ಕಕ್ಷೆ ಅಂದರೆ ಭೂಮಿಗೆ ಒಂದು ಸುತ್ತು) ನಡೆಯುತ್ತಿದ್ದ ವೀಕ್ಷಣೆ 74ರ ಆಸುಪಾಸಿಗೆ ಇಳಿಯುತ್ತದೆಂದು ಲೆಕ್ಕ ಹಾಕಿದ್ದರು. ಮಂಗಳ ಗ್ರಹಕ್ಕಿಂತ ಹತ್ತಿರ ಓಡುವ ಕಾಯಗಳನ್ನು ಹಿಂಬಾಲಿಸಲು ಆಗದು, ಆದರೆ ಅಂಥ ವೀಕ್ಷಣೆಗಳು ಮೊದಲೂ ವಿರಳವೇ. 2030ರ ದಶಕದ ನಡುವಿನವರೆಗೆ ಕನಿಷ್ಠ ಒಂದು ಗೈರೊ ಉಳಿಯುವ ಸಾಧ್ಯತೆ ಶೇ. 70ಕ್ಕಿಂತ ಹೆಚ್ಚು ಎಂದು ನಾಸಾ 2024ರಲ್ಲಿ ಹೇಳಿತು.

ಮ್ಯಾಲ ಯಾರೂ ಹೋಗಂಗಿಲ್ಲ ಅಂದ್ರ ದುರಸ್ತಿ ಅಂತ ಯಾವುದಕ್ಕ ಅಂತೀರಿ?

ಕೆಳಗೆ ಕುಳಿತು ಪ್ರತಿದಿನ ಮಾಡುವ ಕೆಲಸಕ್ಕೆ. ಬಜೆಟ್ ಕಡಿತದ ಏಟು ಮೊದಲು ಬೀಳುವುದೂ ಈ ಕೆಲಸದ ಮೇಲೆಯೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಂತರಿಕ್ಷದ ವಿಕಿರಣ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸಿಸಿಡಿ ಚಿಪ್ಪಿಗೆ ಬಡಿದು ಸುಳ್ಳು ಚುಕ್ಕೆಗಳನ್ನು ಹುಟ್ಟಿಸುತ್ತದೆ. ಅಗಲ ಕ್ಷೇತ್ರದ ಮೂರನೇ ಕ್ಯಾಮೆರಾದ ಚಿಪ್ಪು ಸಾಮಾನ್ಯವಾಗಿ ಮೈನಸ್ 83 ಡಿಗ್ರಿಯಲ್ಲಿರುತ್ತದೆ. ನಿಯಮಿತವಾಗಿ ಅದನ್ನು ಸುಮಾರು 20 ಡಿಗ್ರಿಯವರೆಗೆ ಬೆಚ್ಚಗೆ ಮಾಡಿ ಮತ್ತೆ ತಣಿಸುತ್ತಾರೆ. ಆಗ ಅಂಥ ಚುಕ್ಕೆಗಳಲ್ಲಿ ಬಹಳಷ್ಟು ಮಾಯವಾಗುತ್ತವೆ. ಪೂರ್ತಿ ಹೋಗದ ಹಾನಿಯೂ ಒಂದಿದೆ. ಓದುವಾಗ ಚಿಪ್ಪಿನ ಉದ್ದಕ್ಕೆ ಸಾಗುವ ಎಲೆಕ್ಟ್ರಾನುಗಳು ದಾರಿಯಲ್ಲಿ ಸಿಕ್ಕಿಬಿದ್ದು, ನಕ್ಷತ್ರದ ಹಿಂದೆ ಬಾಲದಂಥ ಗೆರೆ ಮೂಡುತ್ತದೆ. ಅದನ್ನು ಅಳೆದು ತಿದ್ದುವ ತಂತ್ರಾಂಶವನ್ನು ವರ್ಷ ವರ್ಷ ಹೊಸದು ಮಾಡಬೇಕು. ನೇರಳಾತೀತ ರೋಹಿತಮಾಪಕದ್ದು ಇನ್ನೊಂದು ಬಗೆ: ಬೆಳಕು ಬಿದ್ದ ಜಾಗವೇ ಸವೆಯುವುದರಿಂದ ಕೆಲವು ವರ್ಷಕ್ಕೊಮ್ಮೆ ಬೆಳಕನ್ನು ಸವೆಯದ ಜಾಗಕ್ಕೆ ಸರಿಸುತ್ತಾರೆ. ಸರಿಸಿದಾಗಲೆಲ್ಲ ಅಳತೆಗಳನ್ನು ಮೊದಲಿನಿಂದ ಹೊಂದಿಸಬೇಕು.

2021ರ ಜೂನ್ 13ರಂದು ಉಪಕರಣಗಳ ಕಂಪ್ಯೂಟರು ನಿಂತಿತು. ಮೊದಲು ಮೆಮೊರಿ ಮೇಲೆ ಅನುಮಾನ ಬಿತ್ತು. ಒಂದೊಂದೇ ಭಾಗ ಪರೀಕ್ಷಿಸುತ್ತ ಹೋದ ಮೇಲೆ ದೋಷ ವಿದ್ಯುತ್ ನಿಯಂತ್ರಣ ಘಟಕದ್ದೆಂದು ಗೊತ್ತಾಯಿತು. ಮೀಸಲು ಬದಿಗೆ ಬದಲಾಯಿಸಿದರು, ಜುಲೈ 17ಕ್ಕೆ ವಿಜ್ಞಾನದ ಕೆಲಸ ಮತ್ತೆ ಶುರುವಾಯಿತು. 1980ರ ದಶಕದ ಆ ವ್ಯವಸ್ಥೆ ಬಲ್ಲ ಅನುಭವಿಗಳನ್ನು, ನಿವೃತ್ತರಾದವರನ್ನೂ, ಕರೆಸಿ ಹಳೆಯ ಕಾಗದಪತ್ರ ತೆಗೆಸಿದ್ದರಿಂದ ಇದು ಆಯಿತು. ಇಂಥ ಅನುಭವಿಗಳನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ದುಡ್ಡು ಕೊಟ್ಟು ತರಲಾಗದು.

ಮೊದಲಿನ ಹಂಗ ಗಗನಯಾತ್ರಿಗಳನ್ನ ಯಾಕ ಕಳಿಸಂಗಿಲ್ಲ?

1993, 1997, 1999, 2002 ಮತ್ತು 2009ರಲ್ಲಿ ಐದು ಸಲ ಹೋಗಿದ್ದರು. ಮೊದಲ ಸಲ ಹೋದದ್ದು ಕನ್ನಡಿಯ ದೋಷಕ್ಕೆ. ಅದರ ಅಂಚು ಬೇಕಾದ್ದಕ್ಕಿಂತ ಸುಮಾರು 2.2 ಮೈಕ್ರಾನ್ ಚಪ್ಪಟೆಯಾಗಿತ್ತು, ಅಷ್ಟಕ್ಕೇ ಚಿತ್ರಗಳೆಲ್ಲ ಮಸುಕಾಗಿದ್ದವು. 2009ರಲ್ಲಿ ರೋಹಿತಮಾಪಕವೊಂದರ ಮುಚ್ಚಳ ತೆಗೆಯಲು 111 ಸಣ್ಣ ಸ್ಕ್ರೂಗಳನ್ನು ಬಿಚ್ಚಬೇಕಾಯಿತು. ದಪ್ಪ ಕೈಗವಸು ತೊಟ್ಟು, ಒಂದು ಸ್ಕ್ರೂ ಕೂಡ ತೇಲಿಹೋಗದಂತೆ ಮೊದಲೇ ಹಿಡಿಫಲಕ ಕೂರಿಸಿ ಮಾಡಿದ ಕೆಲಸ ಅದು.

ಆ ಕೆಲಸಕ್ಕೆ ನೌಕೆಯ ಉದ್ದನೆಯ ಯಾಂತ್ರಿಕ ತೋಳು, ಹೊರಗೆ ಹೋಗಿಬರಲು ಗಾಳಿಬಂದ್ ಕೋಣೆ, ಬಿಡಿಭಾಗ ಒಯ್ಯುವ ಜಾಗ ಬೇಕಿತ್ತು. ಆ ನೌಕೆಗಳು 2011ರ ಜುಲೈಯಲ್ಲಿ ನಿವೃತ್ತವಾದವು. ಈಗಿನ ಡ್ರ್ಯಾಗನ್ ನೌಕೆಯಲ್ಲಿ ತೋಳೂ ಇಲ್ಲ, ಗಾಳಿಬಂದ್ ಕೋಣೆಯೂ ಇಲ್ಲ.

ಕೆಳಗ ಇಳೀಲಾಕತ್ತದಂತ. ನಮ್ಮ ತಲಿ ಮ್ಯಾಲ ಬಿದ್ರ?

ಇಳಿಯುತ್ತಿರುವುದು ನಿಜ. ಶುರುವಿನಲ್ಲಿ ಸುಮಾರು 615 ಕಿ.ಮೀ. ಎತ್ತರದಲ್ಲಿತ್ತು, ಈಗ 500 ಕಿ.ಮೀ. ಆಸುಪಾಸಿನಲ್ಲಿದೆ. ಹಬಲ್‌ಗೆ ಸ್ವಂತ ಎಂಜಿನ್ ಇಲ್ಲ. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬುತ್ತದೆ, ಘರ್ಷಣೆ ಹೆಚ್ಚುತ್ತದೆ, ಇಳಿತ ಚುರುಕಾಗುತ್ತದೆ. ಏನೂ ಮಾಡದಿದ್ದರೆ 2030ರ ದಶಕದಲ್ಲಿ ವಾತಾವರಣ ಹೊಗುವ ಸಾಧ್ಯತೆ ದೊಡ್ಡದು. ಬಹುಭಾಗ ಸುಟ್ಟುಹೋಗುತ್ತದೆ. ಕನ್ನಡಿಯಂಥ ಗಟ್ಟಿ ಭಾಗಗಳು ನೆಲ ಮುಟ್ಟಬಹುದು, ಅದೂ 28.5 ಡಿಗ್ರಿ ಉತ್ತರ ಮತ್ತು ದಕ್ಷಿಣ ಅಕ್ಷಾಂಶಗಳ ನಡುವೆ ಎಲ್ಲಾದರೂ. ಆ ಪಟ್ಟಿಯಲ್ಲಿ ನಾವೂ ಇದ್ದೇವೆ. ಅದರ ಬಹುಪಾಲು ಸಮುದ್ರವಾದ್ದರಿಂದ ಒಂದೂರಿಗೆ ಬರುವ ಅಪಾಯ ತೀರ ಸಣ್ಣದು. ಹಾಗಿದ್ದರೂ ತಾನಾಗಿ ಬೀಳಲು ಬಿಡುವುದು ಸರಿಯಲ್ಲವೆಂದೇ 2009ರಲ್ಲಿ ಹಿಂಬದಿಗೆ ಹಿಡಿಬಳೆಯೊಂದನ್ನು ಕೂರಿಸಿದ್ದಾರೆ. ಮುಂದೆ ಬರುವ ನೌಕೆ ಅದನ್ನು ಹಿಡಿದು ಮೇಲೆತ್ತಬಹುದು ಅಥವಾ ಸಮುದ್ರದ ಕಡೆ ಇಳಿಸಬಹುದು.

ಖಾಸಗಿ ನೌಕೆಯಿಂದ ಮೇಲೆತ್ತಿಸುವ ಬಗ್ಗೆ 2022ರಲ್ಲಿ ಸ್ಪೇಸ್‌ಎಕ್ಸ್ ಜೊತೆ ಅಧ್ಯಯನ ನಡೆಯಿತು. ಚೆನ್ನಾಗಿರುವ ದೂರದರ್ಶಕಕ್ಕೇ ಪೆಟ್ಟಾಗುವ ಅಪಾಯವಿದೆ ಎಂದು ನಾಸಾ 2024ರಲ್ಲಿ ಸದ್ಯಕ್ಕೆ ಬೇಡ ಎಂದಿತು. ಆ ಎಚ್ಚರ ಸರಿಯೇ, ಆದರೆ ಕೊನೆಯ ಮಾತಾಗಬಾರದು ಎಂಬುದು ನಮ್ಮ ಅಭಿಪ್ರಾಯ. 2004ರಲ್ಲಿ ಹಾರಿದ ಸ್ವಿಫ್ಟ್ ದೂರದರ್ಶಕವೂ ಹೀಗೆಯೇ ಇಳಿಯುತ್ತಿತ್ತು. ಅದನ್ನು ಮೇಲೆತ್ತಲು 2025ರ ಸೆಪ್ಟೆಂಬರಿನಲ್ಲಿ ಕಟಲಿಸ್ಟ್ ಎಂಬ ಕಂಪನಿಗೆ ನಾಸಾ 3 ಕೋಟಿ ಡಾಲರ್ ಗುತ್ತಿಗೆ ಕೊಟ್ಟಿತು. ಹಬಲ್ ಪ್ರಶ್ನೆಯನ್ನು ಮತ್ತೆ ಎತ್ತಲು ಇದು ಒಳ್ಳೆಯ ಆಧಾರ.

## ರೊಕ್ಕ ಮತ್ತು ನಿರ್ಧಾರ

ವರ್ಷಕ್ಕ ಎಷ್ಟು ಖರ್ಚಾಗ್ತದ? ನಾವೂ ರೊಕ್ಕ ಕಳಿಸಬಹುದೇನ್ರಿ?

ನಡೆಸಲು ವರ್ಷಕ್ಕೆ ಸುಮಾರು 9.8 ಕೋಟಿ ಡಾಲರ್ ಹೋಗುತ್ತಿತ್ತು. 2025ರ ಪ್ರಸ್ತಾವದಲ್ಲಿ ಅದನ್ನು 8.9 ಕೋಟಿಗೆ ಇಳಿಸಿದರು. ಇದು ಅಮೆರಿಕ ಸರ್ಕಾರದ ಬಜೆಟ್ಟಿನ ಹಣ, ಯುರೋಪಿನ ಅಂತರಿಕ್ಷ ಸಂಸ್ಥೆ ಪಾಲುದಾರ. ಚಂದಾದಿಂದ ನಡೆಯುವ ಕೆಲಸ ಇದಲ್ಲ. ಹಬಲ್ ಹೆಸರಿನಲ್ಲಿ ಯುಪಿಐ ಸಂಖ್ಯೆ ಬಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಜನ ಪತ್ರ ಬರದ್ರ ಏನರೆ ಆಗ್ತದಾ?

ಹಿಂದೆ ಆಗಿದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಕೊಲಂಬಿಯಾ ನೌಕೆಯಲ್ಲಿ ತೀರಿಕೊಂಡರು. 2004ರ ಜನವರಿಯಲ್ಲಿ ನಾಸಾ ಮುಖ್ಯಸ್ಥ ಶಾನ್ ಓಕೀಫ್, ಅಪಾಯದ ಕಾರಣ ಕೊಟ್ಟು, ಹಬಲ್‌ನ ಕೊನೆಯ ದುರಸ್ತಿಯಾತ್ರೆ ರದ್ದು ಮಾಡಿದರು. ವಿಜ್ಞಾನಿಗಳು, ಶಾಲಾ ಮಕ್ಕಳು, ಸಾಮಾನ್ಯರು ಬರೆದರು. ಮೇರಿಲ್ಯಾಂಡಿನ ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ ಪಟ್ಟು ಹಿಡಿದರು. ರಾಷ್ಟ್ರೀಯ ಅಕಾಡೆಮಿಯ ಸಮಿತಿಯೂ ಗಗನಯಾತ್ರಿಗಳನ್ನೇ ಕಳಿಸಿ ಎಂದಿತು. ಹೊಸ ಮುಖ್ಯಸ್ಥ ಮೈಕಲ್ ಗ್ರಿಫಿನ್ 2006ರ ಅಕ್ಟೋಬರ್ 31ರಂದು ಒಪ್ಪಿಗೆ ಕೊಟ್ಟರು. 2009ರ ಮೇನಲ್ಲಿ ಅಟ್ಲಾಂಟಿಸ್ ಹೋಯಿತು. ಅಪಾಯದ ಮಾತನ್ನೂ ಯಾರೂ ತಳ್ಳಿಹಾಕಲಿಲ್ಲ: ಹಬಲ್ ಕಕ್ಷೆಯಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಆಸರೆ ಪಡೆಯಲು ಆಗದ್ದರಿಂದ, ರಕ್ಷಣೆಗೆಂದು ಎಂಡೆವರ್ ನೌಕೆಯನ್ನು ಸಜ್ಜು ಮಾಡಿ ನಿಲ್ಲಿಸಿದ್ದರು. ಇವತ್ತು ಕೆಲಸ ಮಾಡುತ್ತಿರುವ ಗೈರೊ, ಬ್ಯಾಟರಿ, ಮುಖ್ಯ ಕ್ಯಾಮೆರಾ ಎಲ್ಲ ಆ ಯಾತ್ರೆಯವೇ.

ನನ್ನ ಮಗಳು ಅಮೆರಿಕಾದಾಗ ಇದ್ದಾಳ. ಆಕಿ ಏನು ಮಾಡಬೇಕು?

ತಾನಿರುವ ಕ್ಷೇತ್ರದ ಪ್ರತಿನಿಧಿಗೆ ಮತ್ತು ತನ್ನ ರಾಜ್ಯದ ಇಬ್ಬರು ಸೆನೆಟರುಗಳಿಗೆ ಒಂದೊಂದು ಪತ್ರ ಬರೆಯಲಿ. ಮನೆ ವಿಳಾಸ, ಪಿನ್ ಸಂಖ್ಯೆ ಇರಲೇಬೇಕು; ತಮ್ಮ ಕ್ಷೇತ್ರದವರದಲ್ಲದ ಪತ್ರಕ್ಕೆ ಆ ಕಚೇರಿಗಳಲ್ಲಿ ಬೆಲೆ ಕಡಿಮೆ. ಒಂದೇ ಪುಟ, ಒಂದೇ ಬೇಡಿಕೆ: ಖಗೋಳಭೌತ ವಿಭಾಗದಲ್ಲಿ ಹಬಲ್ ನಡೆಸುವ ಹಣ ಕಡಿಯಬೇಡಿ ಎಂದು. ಎಲ್ಲರೂ ಕಳಿಸುವ ಅಚ್ಚು ಪತ್ರಕ್ಕಿಂತ ಸ್ವಂತ ಮಾತಿನ ನಾಲ್ಕು ಸಾಲು ಮೇಲು. ಅಲ್ಲಿನ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು; ನಾಸಾ ಹಣ ನಿರ್ಧರಿಸುವ ವಾಣಿಜ್ಯ, ನ್ಯಾಯ, ವಿಜ್ಞಾನ ಉಪಸಮಿತಿ ಅಂಕಿಗಳನ್ನು ಕೂಡಿಸುವ ಮುಂಚೆ, ವಸಂತದಲ್ಲೇ ಪತ್ರ ತಲುಪಲಿ.

## ಇಲ್ಲಿಂದಲೇ ಮಾಡುವ ಕೆಲಸ

ಕಾಲೇಜಿನವರು ಹಬಲ್ ಚಿತ್ರ ಬಳಸಬೇಕಂದ್ರ ಎಲ್ಲಿಂದ ಶುರು ಮಾಡಬೇಕು?

ಹಬಲ್ ದತ್ತಾಂಶವಿರುವ ಮಾಸ್ಟ್ ಎಂಬ ಆನ್‌ಲೈನ್ ಸಂಗ್ರಹದಿಂದ. ಅದಕ್ಕೆ ಸೆನೆಟರ್ ಮಿಕುಲ್ಸ್ಕಿ ಅವರದೇ ಹೆಸರಿಟ್ಟಿದ್ದಾರೆ. ಸಾರ್ವಜನಿಕ ದತ್ತಾಂಶಕ್ಕೆ ಹಣ ಕೊಡಬೇಕಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಅಥವಾ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಎಂಎಸ್ಸಿ ಪ್ರಾಜೆಕ್ಟಿಗೆ ಬೇಕಾದಷ್ಟು ಸಾಮಗ್ರಿ ಅಲ್ಲಿದೆ.

ಮೊದಲ ಸಲಕ್ಕೆ ಎಂ16, ಅಂದರೆ ಹದ್ದಿನ ನೀಹಾರಿಕೆ ಒಳ್ಳೆಯದು. ಅಗಲ ಕ್ಷೇತ್ರದ ಮೂರನೇ ಕ್ಯಾಮೆರಾ ಆರಿಸಿ. 502ಎನ್, 657ಎನ್, 673ಎನ್ ಎಂಬ ಮೂರು ಶೋಧಕಗಳ (ಫಿಲ್ಟರ್‌ಗಳ) ಡಿಆರ್‌ಸಿ ಕಡತ ಇಳಿಸಿಕೊಳ್ಳಿ. ಎಲೆಕ್ಟ್ರಾನು ಬಾಲದ ದೋಷ ತಿದ್ದಿ, ಹಲವು ಚಿತ್ರ ಜೋಡಿಸಿದ ಕಡತ ಅದು. ಒಂದೊಂದೂ 200 ಎಂಬಿ ಆಸುಪಾಸು ಇರುವುದರಿಂದ ಮೊಬೈಲ್ ಡೇಟಾಕ್ಕಿಂತ ಕಾಲೇಜಿನ ಲ್ಯಾಬ್ ವಾಸಿ. ಖಗೋಳ ಚಿತ್ರ ನೋಡುವ ಡಿಎಸ್9 ತಂತ್ರಾಂಶದಲ್ಲಿ ತೆರೆದರೆ ಮೊದಲು ಬರೀ ಕಪ್ಪು ಕಾಣುತ್ತದೆ. ಕಡತ ಕೆಟ್ಟಿಲ್ಲ, ಬೆಳಕಿನ ವ್ಯಾಪ್ತಿ ದೊಡ್ಡದು ಅಷ್ಟೆ; ಅಳತೆಯನ್ನು ಲಾಗ್‌ಗೆ ಬದಲಿಸಿ. ನಂತರ 502ಎನ್‌ಗೆ ನೀಲಿ, 657ಎನ್‌ಗೆ ಹಸಿರು, 673ಎನ್‌ಗೆ ಕೆಂಪು ಕೊಟ್ಟು ಕೂಡಿಸಿ. ನಕ್ಷತ್ರಗಳ ಸುತ್ತ ಬಣ್ಣದ ಅಂಚು ಬಂದರೆ ಮೂರು ಚಿತ್ರಗಳು ಸರಿಯಾಗಿ ಕೂತಿಲ್ಲವೆಂದು ತಿಳಿಯಿರಿ.

ಪ್ರಬಂಧ ಬರೆದರೆ ವೀಕ್ಷಣೆಯ ಯೋಜನಾ ಸಂಖ್ಯೆಯನ್ನೂ ದತ್ತಾಂಶದ ಗುರುತನ್ನೂ ತಪ್ಪದೆ ಕೊಡಿ. ಮೂರು ವರ್ಷಕ್ಕೊಮ್ಮೆ ನಾಸಾ ತನ್ನ ಹಳೆಯ ದೂರದರ್ಶಕಗಳನ್ನು ತೂಗಿ ನೋಡುತ್ತದೆ. ಎಷ್ಟು ಜನ ಬಳಸಿದರು ಎಂಬುದೂ ಆ ತೂಕದಲ್ಲಿ ಸೇರುತ್ತದೆ. ಉಲ್ಲೇಖವಿಲ್ಲದ ಬಳಕೆ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮತ್ರ 8 ಇಂಚಿನ ದುರ್ಬೀನದ. ಇದರಿಂದ ಹಬಲ್‌ಗೆ ಏನರೆ ಉಪಯೋಗ ಅದನಾ?

ಇದೆ. ಹಬಲ್‌ನ ನೇರಳಾತೀತ ಸಂವೇದಕಗಳ ಮೇಲೆ ಮಿತಿ ಮೀರಿದ ಬೆಳಕು ಬಿದ್ದರೆ ಅವು ಶಾಶ್ವತವಾಗಿ ಕೆಡಬಹುದು. ಕುಬ್ಜ ನೋವಾ ಎಂಬ ಜೋಡಿ ನಕ್ಷತ್ರಗಳು ಹೇಳದೆ ಕೇಳದೆ ಭುಗಿಲೇಳುತ್ತವೆ. ಅಂಥದನ್ನು ನೋಡುವ ಮೊದಲು "ಈಗ ಶಾಂತವಾಗಿದೆಯೇ" ಎಂದು ಯಾರಾದರೂ ಖಚಿತಪಡಿಸಬೇಕು. 1911ರಲ್ಲಿ ಹುಟ್ಟಿದ ಎಎವಿಎಸ್‌ಒ ಎಂಬ ಚರನಕ್ಷತ್ರ ವೀಕ್ಷಕರ ಸಂಘ ಇದಕ್ಕಾಗಿ ಹವ್ಯಾಸಿಗಳಿಗೆ ಕರೆ ಕೊಡುತ್ತ ಬಂದಿದೆ. ಅಮೆರಿಕದಲ್ಲಿ ಹಗಲಿರುವಾಗ ನಮ್ಮಲ್ಲಿ ರಾತ್ರಿ, ಹಾಗಾಗಿ ನಮ್ಮ ರೇಖಾಂಶದ ವರದಿಗೆ ವಿಶೇಷ ಬೆಲೆಯಿದೆ.

ಕರೆ ಬರುವವರೆಗೆ ಕೈ ಪಳಗಿಸಿಕೊಳ್ಳಿ. ರಾಜಹಂಸ ಪುಂಜದ ಎಸ್‌ಎಸ್ ಸಿಗ್ನಿ ಒಳ್ಳೆಯ ಶುರು: ಶಾಂತವಾಗಿದ್ದಾಗ ಕಾಂತಿಮಾನ ಸುಮಾರು 12, ಭುಗಿಲೆದ್ದಾಗ 8 (ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂದ). ಸರಾಸರಿ 50 ದಿನಕ್ಕೊಮ್ಮೆ ಏಳುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್ ಸಂಜೆಗಳಲ್ಲಿ ಉತ್ತರಕ್ಕೆ ಎತ್ತರದಲ್ಲಿರುತ್ತದೆ. ಜನವರಿಯಿಂದ ಮಿಥುನದ ಯು ಜೆಮಿನೋರಮ್. ಶಾಂತವಾಗಿದ್ದಾಗ 14, ಏರಿದಾಗ 9. ಸಂಘದಿಂದ ಉಚಿತವಾಗಿ ವೀಕ್ಷಕ ಸಂಕೇತ ಪಡೆದು, ನಕ್ಷತ್ರದ ನಕ್ಷೆ ಇಳಿಸಿಕೊಳ್ಳಿ. ನಕ್ಷೆಯಲ್ಲಿ ಅಕ್ಕಪಕ್ಕದ ನಕ್ಷತ್ರಗಳ ಕಾಂತಿ ಬರೆದಿರುತ್ತದೆ. ನಿಮ್ಮ ನಕ್ಷತ್ರ 11.6ರದಕ್ಕಿಂತ ಮಂದ, 12.2ರದಕ್ಕಿಂತ ಪ್ರಕಾಶ, ನಡುವೆ ಎಲ್ಲಿ ಎಂದು ಅಂದಾಜಿಸಿ. ಕಾಣದಿದ್ದರೆ ಕಂಡ ಅತಿ ಮಂದ ನಕ್ಷತ್ರದ ಅಂಕಿ ಕೊಟ್ಟು "ಇದಕ್ಕಿಂತ ಮಂದ" ಎಂದು ಬರೆಯಿರಿ. ಹಬಲ್‌ಗೆ ಬೇಕಾದದ್ದು ಆ ಉತ್ತರವೇ.

ವರದಿ ಕಳಸೋವಾಗ ಏನೇನು ತಪ್ಪಾಗ್ತದ?

ಎಲ್ಲಕ್ಕಿಂತ ಹೆಚ್ಚು ಆಗುವುದು ವೇಳೆಯ ತಪ್ಪು. ಕಳಿಸಬೇಕಾದ್ದು ವಿಶ್ವಕಾಲ, ನಮ್ಮ ಗಡಿಯಾರದಿಂದ 5 ಗಂಟೆ 30 ನಿಮಿಷ ಕಳೆಯಿರಿ. ರಾತ್ರಿ 2 ಗಂಟೆಯ ವೀಕ್ಷಣೆಯ ತಾರೀಖು ಹಿಂದಿನ ದಿನದ್ದಾಗುತ್ತದೆ. ಎರಡನೆಯದು ನಕ್ಷತ್ರವನ್ನೇ ತಪ್ಪಾಗಿ ಗುರುತಿಸುವುದು. ಡಾಬ್ಸನ್ ದೂರದರ್ಶಕದಲ್ಲಿ ಚಿತ್ರ ತಲೆಕೆಳಗಾಗಿರುತ್ತದೆ, ನಕ್ಷೆಯನ್ನೂ ಹಾಗೆಯೇ ತಿರುಗಿಸಿ ಹಿಡಿಯಿರಿ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಇರುವುದಕ್ಕಿಂತ ಪ್ರಕಾಶವಾಗಿ ಕಾಣುತ್ತದೆ. ತಟ್ಟನೆ ನೋಡಿ ಕಣ್ಣು ಸರಿಸಿ. ಹಿಂದಿನ ದಿನದ ಅಂಕಿಯನ್ನು ನೋಡಿಕೊಂಡು ಅಂದಾಜಿಸಬೇಡಿ.

ನಮ್ಮ ಕಡೆಯ ತೊಂದರೆ ಧೂಳು. ಸೇಡಂ, ವಾಡಿ ಸುತ್ತ ಸಿಮೆಂಟ್ ಕಾರ್ಖಾನೆಗಳ ಧೂಳು ಮತ್ತು ಬೆಳಕು, ಚಳಿಗಾಲದಲ್ಲಿ ತೊಗರಿ ರಾಶಿಯ ಧೂಳು, ಎರಡೂ ದಿಗಂತದ ಹತ್ತಿರದ ಆಕಾಶವನ್ನು ಮಂಕು ಮಾಡುತ್ತವೆ. 40 ಡಿಗ್ರಿಗಿಂತ ಮೇಲಿರುವ ನಕ್ಷತ್ರಗಳನ್ನೇ ಆರಿಸಿ. ಕನ್ನಡಿ ಮೇಲೆ ಧೂಳು ಕೂತರೆ ಬಟ್ಟೆಯಿಂದ ಒರೆಸಬೇಡಿ, ಸಿಮೆಂಟಿನ ಕಣ ಲೇಪವನ್ನು ಗೀರುತ್ತದೆ. ಗಾಳಿ ಊದುವ ರಬ್ಬರ್ ಬುರುಡೆಯಿಂದ ಊದಿ. ತೊಳೆಯಲೇಬೇಕಾದರೆ ಮೊದಲು ಶುದ್ಧೀಕರಿಸಿದ ನೀರು ಹರಿಯಬಿಡಿ.

ಹಬಲ್ ಮ್ಯಾಲ ಸಮಯ ನಮ್ಮವರಿಗೂ ಸಿಗ್ತದಾ?

ಯಾವ ದೇಶದವರಾದರೂ ಅರ್ಜಿ ಹಾಕಬಹುದು, ಶುಲ್ಕವಿಲ್ಲ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಏಪ್ರಿಲ್ ಗಡುವು. ಸಮಯ ಕೇಳುವುದು ಕಕ್ಷೆಗಳ ಲೆಕ್ಕದಲ್ಲಿ: ಒಂದು ಕಕ್ಷೆ ಸುಮಾರು 95 ನಿಮಿಷ, ಅದರಲ್ಲಿ ಗುರಿಯ ಕಡೆ ನೋಡಲು ಸಿಗುವುದು 50 ನಿಮಿಷದ ಆಸುಪಾಸು. 2018ರಿಂದ ಅರ್ಜಿ ಹಾಕಿದವರ ಹೆಸರು, ಸಂಸ್ಥೆ ಪರಿಶೀಲಕರಿಗೆ ತಿಳಿಯದಂತೆ ಮಾಡಿದ್ದಾರೆ, ಸಣ್ಣ ಊರಿನ ಕಾಲೇಜಿಗೆ ಇದು ದೊಡ್ಡ ಅನುಕೂಲ. ಪೈಪೋಟಿ ಮಾತ್ರ ಬಲವಾಗಿದೆ. ಲಭ್ಯ ಸಮಯದ ಹಲವು ಪಟ್ಟು ಬೇಡಿಕೆ ಬರುತ್ತದೆ. ನೆಲದ ಮೇಲಿನ ದೂರದರ್ಶಕದಿಂದ ಆಗುವ ಕೆಲಸವಾದರೆ ಅರ್ಜಿ ನಿಲ್ಲುವುದಿಲ್ಲ, ಗುರಿಯನ್ನು ಈಗಾಗಲೇ ನೋಡಿದ್ದಾರೆಯೇ ಎಂದು ಮಾಸ್ಟ್‌ನಲ್ಲಿ ಹುಡುಕದಿದ್ದರೂ ನಿಲ್ಲುವುದಿಲ್ಲ.

ನಮ್ಮದೇ ಆಸ್ಟ್ರೋಸ್ಯಾಟ್ ಅದ. ಅದನ್ನ ಬಿಟ್ಟು ಅವರ ಹಳೇ ಯಂತ್ರದ ಚಿಂತಿ ಯಾಕ್ರಿ?

ಬಿಡಬೇಕಿಲ್ಲ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ಗೆ ಐದು ವರ್ಷದ ಆಯಸ್ಸು ಎಂದಿದ್ದರು, ಅದನ್ನು ದಾಟಿ ದುಡಿದಿದೆ. ಅದರ ನೇರಳಾತೀತ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದದ್ದು. ಕನ್ನಡಿ ಸುಮಾರು 38 ಸೆಂ.ಮೀ., ಆದರೆ ಒಂದೇ ನೋಟಕ್ಕೆ ಹಬಲ್‌ಗಿಂತ ಎಷ್ಟೋ ಪಾಲು ಅಗಲದ ಆಕಾಶ ಹಿಡಿಯುತ್ತದೆ. ಅಗಲವಾಗಿ ಹುಡುಕಲು ಅದು, ಆಳವಾಗಿ ನೋಡಲು ಹಬಲ್. 2018ರಲ್ಲಿ ಆಸ್ಟ್ರೋಸ್ಯಾಟ್‌ನ ಎರಡು ನೇರಳಾತೀತ ಪಟ್ಟಿಗಳಲ್ಲಿ ಒಂದು ಕೆಟ್ಟಿತು. ಅಲ್ಲಿಗೆ ಹೋಗಿ ದುರಸ್ತಿ ಮಾಡುವ ವ್ಯವಸ್ಥೆಯೇ ಇಲ್ಲ. ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳು ಕೇಂದ್ರದ ಸಂಗ್ರಹದಲ್ಲಿದೆ, ಹೆಸರು ನೋಂದಾಯಿಸಿ ಪಡೆಯಬಹುದು. ಪ್ರಾಜೆಕ್ಟ್ ಮಾಡುವವರು ಒಂದೇ ಗೆಲಾಕ್ಸಿಯ ಚಿತ್ರವನ್ನು ಎರಡೂ ಕಡೆಯಿಂದ ಇಳಿಸಿ ಪಕ್ಕಪಕ್ಕ ಇಡಿ: ಆಸ್ಟ್ರೋಸ್ಯಾಟ್‌ನಲ್ಲಿ ಸುತ್ತುತೋಳಿನ ಉದ್ದಕ್ಕೂ ಎಳೆಯ ನಕ್ಷತ್ರಗಳ ಗುಂಪು ಎಲ್ಲೆಲ್ಲಿವೆ ಎಂದು ಗುರುತು ಹಾಕಿಕೊಂಡು, ಹಬಲ್ ಚಿತ್ರದಲ್ಲಿ ಅದೇ ಗುಂಪು ಎಷ್ಟು ಬಿಡಿ ನಕ್ಷತ್ರಗಳಾಗಿ ಒಡೆಯುತ್ತದೆ ಎಂದು ಎಣಿಸಿ.